ಹಿಂದಿನ ಬೆಂಚಿನ ಉತ್ತರ

ಸೋಮವಾರ, ಮಾರ್ಚ್ 3

ಮತ್ತೆ ಬಸ್ಸು ತಪ್ಪಿತು. ಕಾಲೇಜು ಮುಟ್ಟುವಷ್ಟರಲ್ಲಿ ಶಿಷ್ಯೆ ಕ್ಯಾಂಟೀನಿನಲ್ಲಿ ಟಿಪ್ಪಣಿ ಹರಡಿಕೊಂಡು ಕೂತಿದ್ದಳು. ಬೇರೆ ದೇಶದಿಂದ ಟೀಚರ್ ಟ್ರೈನಿಂಗಿಗೆ ಬಂದವಳು. ನಾನು ಅವಳ ಬಿಟ್ಟಿ ಮೆಂಟರ್. ನಿವೃತ್ತಿಯಲ್ಲಿ ಹೋದದ್ದು ವೃತ್ತಿ, ಪ್ರವೃತ್ತಿ ಅಲ್ಲ. ಹೆಂಡತಿಯ ಭಾಷ್ಯ ಬೇರೆ: “ಮೂವತ್ತು ವರ್ಷ ಮಕ್ಕಳ ತಲೆ ತಿಂದದ್ದು ಸಾಲ್ಲಿಲ್ವೇನ್ರೀ? ಹೋಗ್ಬನ್ನಿ. ಮನೇಲಿದ್ರೆ ನಿಮಗೆ ನನ್ನ ತಲೇನೇ ಗತಿ.”

ಶಿಷ್ಯೆಯದು ಒಂದೇ ದೋಷ. ಪ್ರಶ್ನೆ ಕೇಳಿ ಸುಮ್ಮನೆ ನಿಂತುಬಿಡುತ್ತಾಳೆ.

“ಇಷ್ಟು ಹೊತ್ತು ಕಾದ್ರೆ ಮಕ್ಕಳು ನಿದ್ದೆ ಹೋಗ್ತಾರಮ್ಮ.”

“ನಮ್ಮ ಕಡೆ ಹೀಗೇ ಸರ್. ಯೋಚನೆ ಮಾಡೋರಿಗೆ ಜಾಗ ಬಿಡ್ಬೇಕು.”

ಗುರುವಾರ, ಮಾರ್ಚ್ 6

ಬರುವ ಬುಧವಾರ ಅವಳ ಪರೀಕ್ಷಾ ಪಾಠ. ಮೊದಲ ಸಲ ಫೇಲಾಗಿದ್ದಳು. ಇದೂ ಹೋದರೆ ಕೋರ್ಸ್ ಹೋಯಿತು, ವೀಸಾನೂ. ನಾಲ್ಕು ಸಲ ರಿಹರ್ಸಲ್ ಮಾಡಿಸಿದೆ. ಊಟ ಸೇರುತ್ತಿಲ್ಲ — ನನಗೆ.

“ಪರೀಕ್ಷೆ ಅವಳಿಗೋ ನಿಮಗೋ?” — ಹೆಂಡತಿ.

ಬುಧವಾರ, ಮಾರ್ಚ್ 12, ಮಧ್ಯಾಹ್ನ

ಐದನೇ ಕ್ಲಾಸು. ಹಿಂದಿನ ಬೆಂಚಿನಲ್ಲಿ ನಾನು, ಪಕ್ಕದಲ್ಲಿ ಪರೀಕ್ಷಕಿ. ಶಿಷ್ಯೆ ಕೇಳಿದಳು: ಮೂರರಲ್ಲಿ ಒಂದು ಪಾಲು ದೊಡ್ಡದೋ, ನಾಲ್ಕರಲ್ಲಿ ಒಂದೋ? ನಿಂತಳು. ಫ್ಯಾನಿನ ಸದ್ದು. ಪರೀಕ್ಷಕಿ ಏನೋ ಬರೆಯತೊಡಗಿದರು. ಎರಡು ಜಡೆಯ ಹುಡುಗಿಯೊಬ್ಬಳು ಬೆರಳು ಮಡಿಸಿ, ಬಿಡಿಸಿ, ಬಾಯಿ ತೆರೆದಳು... ಅಷ್ಟರಲ್ಲಿ ಯಾರೋ ಗಟ್ಟಿಯಾಗಿ “ಮೂರರಲ್ಲಿ ಒಂದು” ಅಂದುಬಿಟ್ಟರು.

ಆ ಯಾರೋ — ನಾನೇ.

ಇಡೀ ಕ್ಲಾಸು ಹಿಂದೆ ತಿರುಗಿ ನಕ್ಕಿತು. ಹುಡುಗಿ ಬಾಯಿ ಮುಚ್ಚಿಕೊಂಡಳು. ಆಮೇಲೆ ಪಾಠ ಚೇತರಿಸಿಕೊಳ್ಳಲೇ ಇಲ್ಲ.

“ಮೇಷ್ಟ್ರೇ, ನಿಮ್ಮ ಉತ್ತರ ಸರಿ,” ಅಂದರು ಪರೀಕ್ಷಕಿ. “ಆದ್ರೆ ಮಾರ್ಕ್ಸ್ ಹಾಕ್ಬೇಕಾಗಿರೋದು ಅವರಿಗೆ.”

ಮಾತು ಬೆಳ್ಳಿ, ಮೌನ ಬಂಗಾರ. ಬಂಗಾರ ಅವಳದು. ಕದ್ದವನು ನಾನು.

ಮಂಗಳವಾರ, ಮಾರ್ಚ್ 18

ಶಿಷ್ಯೆ ಮತ್ತೆ ಫೇಲು. ಫೋನ್ ಎತ್ತುತ್ತಿಲ್ಲ. ತಪ್ಪು ನನ್ನದೆಂದು ಕಾಲೇಜಿಗೆ ಮೂರು ಪುಟದ ಪತ್ರ ಬರೆದೆ. ಹೆಂಡತಿ ಓದಿ, “ಚಮತ್ಕಾರ ಎಲ್ಲ ತೆಗೀರಿ. ಏನು ಮಾಡಿದ್ರಿ, ಅಷ್ಟು ಬರೀರಿ,” ಅಂದಳು. ಆರು ಸಾಲು ಉಳಿಯಿತು. ಕಳಿಸಿದೆ.

ಶುಕ್ರವಾರ, ಮಾರ್ಚ್ 21

ಕಾಲೇಜಿನ ಉತ್ತರ ಬಂತು: ಅವಳಿಗೆ ಇನ್ನೊಂದು ಅವಕಾಶ, ಇದೇ ಕೊನೆ. ಷರತ್ತು: ಮೆಂಟರ್ ಒಳಗೆ ಬರಕೂಡದು. ಶಿಷ್ಯೆಯೇ ಫೋನ್ ಮಾಡಿದಳು.

“ಕೋಪ ಇನ್ನೂ ಇದೆ ಸರ್. ಆದ್ರೂ ಬನ್ನಿ. ಹೊರಗೆ ಕೂತಿರಿ.”

“ಬಾಯಿಗೆ ಬೀಗ ಹಾಕ್ಕೊಂಡೇ ಬರ್ತೀನಮ್ಮ.”

“ಬೀಗದ ಕೈ ಮನೇಲಿ ಮೇಡಂ ಹತ್ರ ಕೊಟ್ಟು ಬನ್ನಿ.”

ಮಂಗಳವಾರ, ಮಾರ್ಚ್ 25, ಬೆಳಿಗ್ಗೆ 10.40

ಕಾರಿಡಾರು. ಸ್ಟೂಲು. ಮುಚ್ಚಿದ ಬಾಗಿಲು. ಕೈ ಸುಮ್ಮನಿರದು, ಅದಕ್ಕೇ ಬರೆಯುತ್ತಿದ್ದೇನೆ.

ಪ್ರಶ್ನೆ ಕೇಳಿಸಿತು. ಐದರಲ್ಲಿ ಎರಡು, ಹತ್ತರಲ್ಲಿ ನಾಲ್ಕು — ಯಾವುದು ದೊಡ್ಡದು?

ಸದ್ದಿಲ್ಲ. ಎಂಟು ಸೆಕೆಂಡ್. ಹದಿನಾಲ್ಕು. ಅಯ್ಯೋ, ಯಾರಾದರೂ... ಇಪ್ಪತ್ತು.

ಬೆಂಚು ಸರಿಯಿತು. ಸಣ್ಣ ದನಿ: “ಮಿಸ್, ಹತ್ತರದ್ದು... ಅಲ್ಲ ಅಲ್ಲ, ತಾಳಿ—”

ಶಿಷ್ಯೆ ತಾಳಿದಳು. ಇನ್ನೊಂದು ದನಿ. ಮತ್ತೊಂದು. ಈಗ ನಾಲ್ಕೈದು ಒಟ್ಟಿಗೆ, ಅದರ ನಡುವೆ ಪರೀಕ್ಷಕಿಯೂ ಏನೋ ಹೇಳಿದ ಹಾಗೆ... ಸರಿಯಾಗಿ ಕೇಳಿಸುತ್ತಿಲ್ಲ. ಪೆನ್ನು ಇಲ್ಲಿಗೇ ಇಡುತ್ತೇನೆ, ಕಿವಿ ಬಾಗಿಲಿಗೆ ತಾಗಿಸಬೇಕು.