ಗೋದಲಿಯ ಕೂಸು

ರೊಕ್ಕಾಸ್ಕುರ,
೯ ಜನವರಿ ೧೯೮೭

ದೊನಾತೊಗೆ, ನಿನ್ನ ಮನೆಯಿಂದ,

ಕ್ರಿಸ್ಮಸ್ ಹಬ್ಬಕ್ಕೆಂದು ನೀನು ನಿನ್ನ ಅಮ್ಮನಿಗೆ ಬರೆದ ಕಾಗದ ಬಂತು. ಅತ್ತೆಯ ಕಣ್ಣಿಗೆ ಈಗ ಬೆಳಕು ನೆರಳು ಬಿಟ್ಟರೆ ಏನೂ ತೋರುವುದಿಲ್ಲವೆಂದು ನಿನಗೆ ಗೊತ್ತು. ಈ ಮನೆಯಲ್ಲಿ ಓದಲು ಬರುವವಳು ನಾನೊಬ್ಬಳೇ ಎಂದೂ ಗೊತ್ತು. ಆದರೂ 'ನೂನ್ಸಿಯಾಗೆ ಹುಟ್ಟಿದ ಮಗು ಹೇಗಿದೆ, ನನ್ನ ಹೋಲಿಕೆ ಇದೆಯಾ, ಎರ್ಸಿಲಿಯಾಗೆ ತಿಳಿಯದ ಹಾಗೆ ಯಾರ ಕೈಲಾದರೂ ಬರೆಸು' ಎಂದು ಕೇಳಿದ್ದೀಯ. ಆ ಎರ್ಸಿಲಿಯಾ, ನಿನ್ನ ಹೆಂಡತಿ, ನಾನೇ ಒಲೆಯ ಪಕ್ಕ ಕೂತು ಒಂದಕ್ಷರ ಬಿಡದೆ ಗಟ್ಟಿಯಾಗಿ ಓದಿದೆ. ಅತ್ತೆ ಇನ್ನೊಂದು ಸಲ ಓದೆಂದರು. ಇನ್ನೊಂದು ಸಲವೂ ಓದಿದೆ. ಅವರ ಪರವಾಗಿ ಉತ್ತರವನ್ನೂ ನಾನೇ ಬರೆಯುತ್ತಿದ್ದೇನೆ.

ಮಗು ಚೆನ್ನಾಗಿದೆ. ಕಿವಿ ನಿನ್ನದೇ, ಮೇಲ್ತುದಿ ಚೂಪು. ಹೆಸರು ರೊಕ್ಕೊ. ಹೌದು, ನಿನ್ನ ಅಪ್ಪನ ಹೆಸರು. ಜ್ಞಾನಸ್ನಾನದ ದಿನ ನೂನ್ಸಿಯಾ ಆ ಹೆಸರು ಹೇಳಿದಾಗ ದೊನ್ ಗಸ್ಪಾರೆ ಪಾದ್ರಿಗಳ ಕೈಯಲ್ಲಿದ್ದ ನೀರು ಒಂದು ಕ್ಷಣ ಹಾಗೇ ನಿಂತಿತಂತೆ. ನಾನು ಹೋಗಿರಲಿಲ್ಲ. ಊರೇ ಬಂದು ಹೇಳಿತು.

ಈ ಸಲದ ಹಬ್ಬದ ಸಂಗತಿ ನಿನಗೆ ತಿಳಿಯಬೇಕು. ಕಳೆದ ವರ್ಷ, ಯೇಸು ಹುಟ್ಟಿದ ಕೊಟ್ಟಿಗೆ ಕಟ್ಟಿ ನಾವು ಆಡುವ ಗೋದಲಿಯಲ್ಲಿ ನಾನು ಮರಿಯಮ್ಮ, ನೀನು ಜೋಸೆಫ, ನಡುವೆ ಹುಲ್ಲಿನ ಮೇಲೆ ಪ್ಲಾಸ್ಟಿಕ್ ಗೊಂಬೆ. ಎಷ್ಟೋ ವರ್ಷದಿಂದ ಹಾಗೇ ನಡೆದಿತ್ತು. ಕೋಟೆಯ ಕೆಳಗಿನ ಗವಿಗಳಲ್ಲಿ ಕಮ್ಮಾರ, ಬುಟ್ಟಿ ಹೆಣೆಯುವವರು, ಚರ್ಮದ ಚೀಲದ ವಾದ್ಯ ಊದುವ ಕುರುಬರು. ಮೇಲಿನ ಗವಿಯಲ್ಲಿ ನಾವು. ಕೆಳಗೆ ರೋಮಿನ ಬಸ್ಸು, ನೇಪಲ್ಸಿನ ಬಸ್ಸು. ನೀನು ಕೋಲು ಹಿಡಿದು ತಲೆ ಬಾಗಿಸಿ ನಿಂತರೆ ಹೆಂಗಸರು ನಿನ್ನ ಫೋಟೋ ತೆಗೆಯುತ್ತಿದ್ದರು. ಅದೇ ಹಬ್ಬದ ದಿನಗಳಲ್ಲಿ ನೀನು ಗವಿಯಿಂದ ಹೊರಟರೆ ನೇರ ಮನೆಗೆ ಬರುತ್ತಿರಲಿಲ್ಲ. ಚಳಿಗೆ ಒಂದು ಲೋಟ ವೈನ್ ಕುಡಿದು ಬಂದೆ ಅನ್ನುತ್ತಿದ್ದೆ. ಮಗು ಹುಟ್ಟಿದ್ದು ಅಕ್ಟೋಬರಿನಲ್ಲಿ. ಲೆಕ್ಕ ಹಾಕಲು ಊರಿನವರಿಗೆ ಕೈಬೆರಳು ಸಾಕಾಯಿತು.

ನೀನು ಜರ್ಮನಿಗೆ ಓಡಿದ ಮೇಲೆ ರೋಮಿನ ಪತ್ರಿಕೆಯೊಂದು ನಮ್ಮ ಗೋದಲಿಯ ಬಗ್ಗೆ ಬರೆಯಿತು. ರೊಕ್ಕಾಸ್ಕುರದ ಬಾಲಯೇಸುವಿನ ಕಾಲಿಗೆ ಅಂಗಡಿಯ ಚೀಟಿ ಇನ್ನೂ ಅಂಟಿಕೊಂಡಿದೆ ಎಂದು. ಹೋಟೆಲಿನ ಒರೆಸ್ತೆ ಸಮಿತಿಯ ಅಧ್ಯಕ್ಷ ಅಲ್ಲವಾ, ಅವನಿಗೆ ಅವಮಾನ ತಡೆಯಲಾಗಲಿಲ್ಲ. ಈ ವರ್ಷ ಜೀವಂತ ಕೂಸೇ ಆಗಬೇಕೆಂದು ಹಟ ಹಿಡಿದ. ಆದರೆ ಊರಿನ ಪ್ರಾಯದವರೆಲ್ಲ ತುರಿನ್, ಜರ್ಮನಿ ಎಂದು ಹೋಗಿ ಆಗಿದೆ. ವರ್ಷವಿಡೀ ಊರಲ್ಲಿ ಹುಟ್ಟಿದ್ದು ಒಂದೇ ಮಗು.

ಸಭೆ ಒರೆಸ್ತೆಯ ಹೋಟೆಲಿನಲ್ಲೇ ಸೇರಿತು. ನೂನ್ಸಿಯಾ ಅವನ ಅಡುಗೆಮನೆಯಲ್ಲೇ ಕೆಲಸಕ್ಕಿದ್ದದ್ದು, ಏಪ್ರನ್ ಬಿಚ್ಚದೆ ಕೂಸನ್ನು ಎತ್ತಿಕೊಂಡು ಬಂದು ನಿಂತಳು. ಮಗು ಎದೆಹಾಲು ಬಿಟ್ಟು ಬೇರೇನೂ ಕುಡಿಯುವುದಿಲ್ಲ, ಬೇರೆಯವರ ಹತ್ತಿರ ನಿಲ್ಲುವುದಿಲ್ಲ, ಹಾಗಾಗಿ ಮರಿಯಮ್ಮನಾಗಿ ತಾನೇ ಕೂರುತ್ತೇನೆ ಎಂದು ಮೆಲ್ಲಗೆ ಕೇಳಿದಳು. ಕೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಒರೆಸ್ತೆ ಅವಳ ಮುಖ ನೋಡದೆ, ಮೇಜಿನ ಸುತ್ತ ಕೂತವರನ್ನು ನೋಡುತ್ತಾ ಹೇಳಿದ:

"ನೋಡಮ್ಮಾ, ಬಸ್ಸಲ್ಲಿ ಬರೋರಿಗೆ ಕನ್ಯಾಮರಿಯಮ್ಮ ಬೇಕು. ನಿನ್ ಕಥೆ ಊರಿಗೆಲ್ಲಾ ಗೊತ್ತು. ಕೂಸು ಕೊಡು, ನೀನು ಕೆಳಗಿನ ಗವೀಲಿ ಕರಿಗಡುಬು ಕರಿ."

ಗಂಡಸರು ನಕ್ಕರು. ಹೆಂಗಸರು ಅದಕ್ಕಿಂತ ಜೋರಾಗಿ ನಕ್ಕರು. ಆ ಹುಡುಗಿ ಅಳಲಿಲ್ಲ, ನನ್ನ ಕಡೆ ತಿರುಗಿ, "ಅಕ್ಕಾ, ನೀವು ಒಂದು ಮಾತು ಹೇಳಿ," ಅಂದಳು. ನನಗೆ ನಲವತ್ತಮೂರು ದಾಟಿದೆ, ಮುಸುಕಿನಿಂದ ಬಿಳಿಕೂದಲು ಇಣುಕುತ್ತದೆ, ಈ ಸಲ ಅವಳು ಕೂರಲಿ ಎಂದರೆ ಮುಗಿಯುತ್ತಿತ್ತು. ಒರೆಸ್ತೆಯೂ ನನ್ನ ಮಾತು ತೆಗೆದುಹಾಕುತ್ತಿರಲಿಲ್ಲ. ಪಾದ್ರಿಗಳು ಲೋಟದಿಂದ ಕಣ್ಣೆತ್ತಿ, ಬೇರೆಯವಳ ಮಗು, ಅದೂ ಇಂಥ ಮಗು, ಹಿಡಿಯಲು ನಿನಗೆ ಕಷ್ಟವಾದರೆ ಬೇಡ ಅಂದರು.

"ಕಷ್ಟ ಏನಿಲ್ಲ ಸ್ವಾಮಿ," ಅಂದೆ. "ನೀಲಿ ಮುಸುಕು ನನ್ ಪೆಟ್ಟಿಗೇಲೇ ಇದೆ. ಕೂಸು ಕೊಟ್ರೆ ಸಾಕು."

ಅವಳಿಗೆ ಬೇರೆ ದಾರಿ ಇರಲಿಲ್ಲ. ಒಲ್ಲೆ ಎಂದಿದ್ದರೆ ಒರೆಸ್ತೆ ಆ ಹೊತ್ತಿಗೇ ಕೆಲಸದಿಂದ ತೆಗೆಯುತ್ತಿದ್ದ.

ಕ್ರಿಸ್ಮಸ್ಸಿನ ಮರುದಿನ ಗೋದಲಿ ಶುರುವಾಯಿತು. ಅಷ್ಟು ಬಸ್ಸುಗಳನ್ನು ನಾನು ಹಿಂದೆ ಕಂಡಿಲ್ಲ. ಸೌದೆ ಹೊಗೆ, ಮೆಟ್ಟಿಲ ತುಂಬ ತುಪ್ಪಳದ ಕೋಟಿನ ಹೆಂಗಸರು, ಎಲ್ಲರ ಕೈಯಲ್ಲೂ ಕಡಲೆ ಹೂರಣದ ಬಿಸಿ ಕರಿಗಡುಬು, ಬೆರಳಿಗೆಲ್ಲ ಸಕ್ಕರೆ ಪುಡಿ. ಈ ಸಲ ಜೋಸೆಫನಾಗಿದ್ದವನು ಅಂಚೆಯವನು, ಅವನ ಬಾಯಿ ತುಂಬ ಬೆಳ್ಳುಳ್ಳಿ ವಾಸನೆ. ರೊಕ್ಕೊ ಸ್ವಲ್ಪ ಹೊತ್ತು ದೀಪ ನೋಡುತ್ತಾ ಸುಮ್ಮನಿದ್ದ. ಆಮೇಲೆ ಹಸಿವಾಯಿತು.

ನಮ್ಮ ಗವಿಯ ಸದ್ದು ಕೆಳಗಿನ ಗವಿಗೆ ಹೇಗೆ ಇಳಿಯುತ್ತದೆಂದು ನಿನಗೆ ಗೊತ್ತಲ್ಲ. ಕೂಸು ಅಳುವುದು ಕೇಳಿ ಎಣ್ಣೆಯ ಬಾಣಲೆಯ ಮುಂದೆ ನಿಂತ ನೂನ್ಸಿಯಾಳ ರವಿಕೆ ಎದೆಯ ಮೇಲೆ ಒದ್ದೆಯಾಯಿತಂತೆ. ಪ್ರವಾಸಿಗಳು ಅದನ್ನೂ ಫೋಟೋ ತೆಗೆದರಂತೆ. ಮೇಲೆ ಬರಲು ಹೊರಟವಳನ್ನು ಒರೆಸ್ತೆ ಮೆಟ್ಟಿಲ ಹತ್ತಿರವೇ ತಡೆದ. ಇಲ್ಲಿ ನನ್ನ ಮುಂದೆ ರೋಮಿನ ಹೆಂಗಸೊಬ್ಬಳು ಗಂಡನಿಗೆ ಹೇಳುತ್ತಿದ್ದಳು, ಎಷ್ಟು ಸಹಜವಾಗಿದೆ ನೋಡಿ, ಕೂಸಿಗೆ ಅಳುವುದನ್ನೂ ಕಲಿಸಿದ್ದಾರೆ ಎಂದು. ಅಂಚೆಯವನು ನನ್ನ ಕಿವಿಯಲ್ಲಿ, ತಾಯಿಯನ್ನು ಕರೆಸೋಣವಾ ಅಂದ. ಜನ ಇನ್ನೂ ಬರುತ್ತಿದ್ದಾರೆ, ಬೇಡ ಅಂದೆ.

ಒಂದು ಸಲ ಜನ ಕಡಿಮೆಯಾದಾಗ ಮುಸುಕನ್ನು ಮುಂದಕ್ಕೆ ಎಳೆದುಕೊಂಡು ಅವನನ್ನು ನನ್ನ ಎದೆಗೇ ಹಚ್ಚಿದೆ. ನೀನು ಇದನ್ನು ಓದಿ ನಗಬಹುದು. ಅವನು ನಂಬಿಕೊಂಡು ಜೋರಾಗಿ ಚೀಪಿದ. ಬಟ್ಟೆಯೊಳಗೆ ಅವನ ಮುಷ್ಟಿ ನನ್ನ ಕತ್ತಿನ ಸರ ಹಿಡಿದಿತ್ತು. ಮದುವೆಯಾಗಿ ಹದಿನೇಳು ವರ್ಷ ನಾನು ಕಾದದ್ದು ಅಷ್ಟಕ್ಕೇ. ಆಮೇಲೆ ಏನೂ ಬರುವುದಿಲ್ಲವೆಂದು ಅವನಿಗೆ ತಿಳಿಯಿತು. ಬಾಯಿ ಬಿಟ್ಟು, ಮುಖ ಕೆಂಪಗೆ ಮಾಡಿಕೊಂಡು, ಮೊದಲಿಗಿಂತ ಹೆಚ್ಚು ಅತ್ತ. ಆ ಅಳು ನನ್ನನ್ನೇ ಬಯ್ದ ಹಾಗಿತ್ತು. ಅವತ್ತಿನಿಂದ ಹಾಗೆ ಮಾಡಲಿಲ್ಲ. ಅತ್ತರೆ ಅಳಲಿ ಎಂದು ಬಿಟ್ಟೆ.

ಬಾಲಯೇಸುವನ್ನು ಕಾಣಲು ಬಂದ ಮೂರು ರಾಯರ ಹಬ್ಬದ ದಿನ, ಜನವರಿ ಆರಕ್ಕೆ, ನಿಲ್ಲಲು ಜಾಗವಿರಲಿಲ್ಲ. ರಾಯರು ಕುದುರೆ ಇಳಿದು ಕಾಣಿಕೆ ಇಟ್ಟರು. ಅವರ ಹಿಂದೆಯೇ ಇಬ್ಬರು ಹೆಂಗಸರು ನಿನ್ನ ಅಮ್ಮನನ್ನು ತೋಳು ಹಿಡಿದು ಕರೆತಂದರು. ಮುದುಕಿ ಮಂಡಿಯೂರಿ ಕೂಸಿನ ಪಾದ ಮುಟ್ಟಿದರೆ ನೋಡಲು ಚೆನ್ನಾಗಿರುತ್ತದೆಂದು ಒರೆಸ್ತೆಯೇ ಹೂಡಿದ ಏರ್ಪಾಟು. ಅತ್ತೆ ಪಾದ ಮುಟ್ಟಿದರು, ಮುಖ ಸವರಿದರು, ಕಿವಿ ಸವರಿದರು. ಅಲ್ಲಿಗೆ ಕೈ ನಿಂತಿತು. ಆಮೇಲೆ ನನ್ನ ಮುಖ ಇರುವ ಕಡೆ ತಲೆಯೆತ್ತಿ, ಗವಿಯೆಲ್ಲ ಮೊಳಗುವ ಹಾಗೆ ಅಂದರು:

"ಲೇ ಎರ್ಸಿಲಿಯಾ, ಬಂಜೆ ಮಡ್ಲಲ್ಲಿ ನನ್ ಮೊಮ್ಮಗನ್ನ ಯಾಕೆ ಕೂರಿಸ್ಕೊಂಡಿದ್ದೀಯೇ? ಹಡೆದೋಳು ಎಲ್ಲವ್ಳೆ?"

ನಮ್ಮ ಬೆಟ್ಟದ ಮಾತು ಅರ್ಥವಾಗದ ಪ್ರವಾಸಿಗಳು, ಇದು ಹಳೇ ಪ್ರಾರ್ಥನೆಯೋ ಏನೋ ಎಂದುಕೊಂಡು ಚಪ್ಪಾಳೆ ತಟ್ಟಿದರು. ಮುಂದಿನ ಸಾಲಿನ ಮುದುಕನೊಬ್ಬ ಕಣ್ಣೊರೆಸಿಕೊಂಡ. ನಾನು ನೀಲಿ ಮುಸುಕಿನಲ್ಲಿ ಮುಗುಳ್ನಗೆ ಇಟ್ಟುಕೊಂಡು ಕೂತಿದ್ದೆ, ಮರಿಯಮ್ಮ ನಗುತ್ತಿರಬೇಕಲ್ಲ.

ಆ ಚಪ್ಪಾಳೆಯ ನಡುವೆಯೇ ನೂನ್ಸಿಯಾ ಬಂದಳು. ಹೇಗೆ ತಪ್ಪಿಸಿಕೊಂಡಳೋ, ಕೈಯೆಲ್ಲ ಹಿಟ್ಟು, ಜನರನ್ನು ತಳ್ಳಿಕೊಂಡು ಹಗ್ಗ ದಾಟಿ ಕೂಸಿಗೆ ಕೈ ಹಾಕಿದಳು. ಪ್ರವಾಸಿಗಳು ಕೂಗಾಡಿದರು. ಯಾರೋ ಹುಚ್ಚಿ ಬಾಲಯೇಸುವನ್ನು ಕಸಿಯುತ್ತಿದ್ದಾಳೆ ಅನ್ನಿಸಿತು ಅವರಿಗೆ. ದಪ್ಪ ಕೋಟಿನ ಗಂಡಸೊಬ್ಬ ಅವಳ ಎರಡೂ ರಟ್ಟೆ ಹಿಂದಕ್ಕೆ ಹಿಡಿದು ನನ್ನನ್ನು ಮರ್ಯಾದೆಯಿಂದ ಕೇಳಿದ, ಅಮ್ಮಾ ಇವಳು ಯಾರು ಎಂದು. ಅಂಚೆಯವನು ನೆಲ ನೋಡಿದ. ರಾಯರು ನೆಲ ನೋಡಿದರು. ನನ್ನ ಕಿವಿಯಲ್ಲಿ ಅತ್ತೆಯ ಮಾತು ಇನ್ನೂ ಸುಡುತ್ತಿತ್ತು.

"ಗೊತ್ತಿಲ್ಲ," ಅಂದೆ.

ಅವಳನ್ನು ಎಳೆದುಕೊಂಡು ಹೋದರು. ಕೂಸು ಅವಳು ಹೋದ ದಿಕ್ಕಿಗೆ ಕತ್ತು ತಿರುಗಿಸಿತು.

ಎಲ್ಲ ಮುಗಿದ ಮೇಲೆ ಚರ್ಚಿನ ಹಿಂದಿನ ಕೋಣೆಯಲ್ಲಿ ಮಗುವನ್ನು ಅವಳಿಗೆ ಕೊಟ್ಟೆ. ಹೊಡೆಯುತ್ತಾಳೆ ಅಂದುಕೊಂಡಿದ್ದೆ, ಹೊಡೆಸಿಕೊಳ್ಳಲು ತಯಾರಾಗಿಯೇ ಹೋಗಿದ್ದೆ. ಅವಳು ನೆಲದ ಮೇಲೆ ಕೂತು ಹಾಲೂಡಿಸಿದಳು. ತೋಳಿನ ಮೇಲೆ ಆ ಮನುಷ್ಯನ ಬೆರಳಿನ ಗುರುತು ಎದ್ದಿತ್ತು. ನಾನು ಮುಸುಕು ಮಡಿಸುತ್ತಾ ನಿಂತೆ. ಕೂಸಿನ ಬಾಯಿ ಒರೆಸಿ, ಕೋಪವಿಲ್ಲದೆ ಅಂದಳು:

"ನಿಮಗೆ ಇವನು ಬೇಕಿದ್ರೆ ಕೇಳ್ಬೋದಿತ್ತು ಅಕ್ಕಾ. ಇಬ್ರೂ ಸೇರ್ಕೊಂಡು ಸಾಕ್ಬೋದಿತ್ತು."

ಬೈದಿದ್ದರೆ ಒಳ್ಳೆಯದಿತ್ತು. ಮುಸುಕನ್ನು ಮತ್ತೆ ಬಿಚ್ಚಿ ಮತ್ತೆ ಮಡಿಸಿದೆ.

ಮರುದಿನ ಒರೆಸ್ತೆ ಅವಳನ್ನು ಕೆಲಸದಿಂದ ಬಿಡಿಸಿದ. ನನಗೆ ಮಾತ್ರ ಒಂದು ಪೊಟ್ಟಣ ತೊರೊನೆ ಮಿಠಾಯಿ ಕಳಿಸಿದ್ದಾನೆ, ಬಾದಾಮಿ ಹಾಕಿದ್ದು. ಅತ್ತೆ ಹಲ್ಲಿಲ್ಲದ ಬಾಯಲ್ಲಿ ಅದನ್ನೇ ಚೀಪುತ್ತಾ ಕೂತಿದ್ದಾರೆ. ನನ್ನ ಜೊತೆ ಮಾತಿಲ್ಲ. ಅನ್ನಕ್ಕೆ, ಬೆಂಕಿಗೆ, ಮೈ ತೊಳೆಸಿಕೊಳ್ಳಲಿಕ್ಕೆ ಮಾತ್ರ ಕರೆಯುತ್ತಾರೆ, ಹೋಗುತ್ತೇನೆ. ನೂನ್ಸಿಯಾ ಊರು ಬಿಟ್ಟಳು. ಎಲ್ಲಿಗೆ ಹೋದಳೋ ದೇವರಿಗೇ ಗೊತ್ತು.

ಜರ್ಮನಿಯಲ್ಲಿ ಚಳಿ ಹೆಚ್ಚಂತೆ. ನಿನ್ನ ಎದೆಯ ಕೆಮ್ಮು ನನಗೆ ನೆನಪಿದೆ, ಉಣ್ಣೆಯ ಬನಿಯನ್ ಹಾಕದೆ ಕಾರ್ಖಾನೆಗೆ ಹೋಗಬೇಡ.

ನೀನು ಎಂದೂ ಬಿಡುಗಡೆ ಕೇಳದ, ಕೇಳಿದರೂ ಎಂದೂ ಕೊಡದ,
ನಿನ್ನ ಹೆಂಡತಿ,
ಎರ್ಸಿಲಿಯಾ

ತಾ.ಕ.: ಮೇಲೆ ಒಂದು ಸುಳ್ಳು ಬರೆದಿದ್ದೇನೆ. ನೂನ್ಸಿಯಾ ಹೊರಡುವ ಮುಂಚೆ ನಿನ್ನ ವಿಳಾಸ ಕೇಳಿಕೊಂಡು ಈ ಮನೆಗೆ ಬಂದಿದ್ದಳು. ನಾನೇ ದೊಡ್ಡ ಅಕ್ಷರದಲ್ಲಿ ಬರೆದುಕೊಟ್ಟೆ, ರೈಲು ಎಲ್ಲಿ ಬದಲಿಸಬೇಕೆಂದು ತಿಳಿಸಿದೆ, ನನ್ನ ಕಂದು ಕೋಟು ತೊಡಿಸಿದೆ. ಅವಳು ನನ್ನ ಕೈ ಕಣ್ಣಿಗೊತ್ತಿಕೊಂಡಳು. ನಿನ್ನ ಮನೆಯಲ್ಲಿ ಬೇಸಿಗೆಯಿಂದ ಹೈಕೆ ಎಂಬ ಹೆಂಗಸು ಇದ್ದಾಳೆ, ಅವಳಿಗೂ ಈಗ ತಿಂಗಳು ತುಂಬುತ್ತಿದೆ ಎಂದು ನಿನ್ನ ಕಾರ್ಖಾನೆಯಲ್ಲೇ ಇರುವ ನನ್ನ ಅಣ್ಣನ ಮಗ ಆಗಲೇ ತಿಳಿಸಿದ್ದ. ಆ ಹುಡುಗಿಗೆ ಅದನ್ನು ಹೇಳಲಿಲ್ಲ. ಈ ಕಾಗದಕ್ಕಿಂತ ಮೊದಲು ಅವಳೇ ಕೂಸನ್ನೆತ್ತಿಕೊಂಡು ಬಂದಿರುತ್ತಾಳೆ. ಬಾಗಿಲು ತೆಗೆದದ್ದು ಹೈಕೆಯೇ ಆಗಿರಲಿ ಎಂದು ಚರ್ಚಿನಲ್ಲಿ ಮೇಣದಬತ್ತಿ ಹಚ್ಚಿ ಬಂದಿದ್ದೇನೆ.