ಅಪ್ಪ ಹೊಡೆದ ಟರ್ಕಿ

ಮಿಸೌರಿ, ಏಪ್ರಿಲ್

ಅಣ್ಣ ಹಾರ್ಲನ್‌ಗೆ,

ನಿನ್ನೆ ಅಪ್ಪ ದೊಡ್ಡದೊಂದು ಕಾಡು ಟರ್ಕಿ ಕೋಳಿ ಹೊಡೆದರು. ಹೆಣ್ಣು ಟರ್ಕಿಯ ದನಿಯಲ್ಲಿ ಕೂಗಿ ಹುಂಜವನ್ನು ಓಕ್ ಮರದವರೆಗೂ ಕರೆಸಿದರು. ಒಂದೇ ಈಡಿಗೆ ಉರುಳಿತು. ನಾನು ಓಡಿಹೋಗಿ ಅದನ್ನೆತ್ತಿಕೊಂಡು ತಿರುಗಿದರೆ, ಅಪ್ಪನ ಕೋವಿ ನನ್ನ ಎದೆಗೇ ಗುರಿಯಿಟ್ಟಿತ್ತು.

"ಯಾರೇ ನೀನು? ನನ್ನ ಹಕ್ಕಿ ಕೆಳಗಿಡು!"

"ಅಪ್ಪಾ, ನಾನು ಲೊರೀನ್."

"ಸುಳ್ಳು ಹೇಳ್ಬೇಡ. ಲೊರೀನ್ ಇನ್ನೂ ಸ್ಕೂಲಿಗೆ ಹೋಗೋ ಹುಡುಗಿ."

ಮೆಲ್ಲಗೆ ಹಕ್ಕಿಯನ್ನು ಕೆಳಗಿಟ್ಟೆ. "ಗುರಿ ಅಂದ್ರೆ ಇದು, ಯಜಮಾನ್ರೇ! ಇದರ ಎದೆ ಮೇಲಿನ ಗರಿಗಡ್ಡ ನೋಡಿ, ಎಷ್ಟುದ್ದ!" ಎಂದೆ. ಅವರು ನಕ್ಕು ಕೋವಿ ಇಳಿಸಿದರು.

ಭಾನುವಾರ ಊಟಕ್ಕೆ ಬಾ. ಬೇಟೆಗೆ ಬೇಕು ಎಂದು ಹೇಳಿ ಕೋವಿ ತೆಗೆದುಕೊಂಡು ಹೋಗು. ನಾನು ಕೇಳಿದರೆ ಕೊಡುವುದಿಲ್ಲ. ಇವತ್ತು ಬೆಳಿಗ್ಗೆ ಅದನ್ನು ಒರೆಸುತ್ತಾ ನನಗೇ ಹೇಳಿದರು: "ನಿನ್ನೆ ಒಬ್ಬಳು ಹಕ್ಕಿ ಕದಿಯೋಕೆ ಬಂದಿದ್ಳು ಮಗಳೇ. ಮತ್ತೆ ಬಂದ್ರೆ ಬಿಡಲ್ಲ."

ನಿನ್ನ ತಂಗಿ,
ಲೊರೀನ್