ಬಕೆಟ್ಟಿನ ಮೀನು

ರೀ,

ಫ್ರೀಜರಿನಲ್ಲಿದ್ದ ಮೀನನ್ನು ನಿನ್ನೆ ಹುರಿದು ತಿಂದಿದ್ದೀರಿ. ಒಂದು ಮಾತು ಕೇಳಬಾರದಿತ್ತಾ? ಅದು ಮನೆಯದಲ್ಲ, ದಡದ ಜೆಟ್ಟಿಯದು. ಭಾನುವಾರ ಗಾಳ ಹಾಕಲು ಬರುವವರನ್ನು ಗೇಟಿನಲ್ಲಿ ನಿಂತು ಸ್ವಾಗತಿಸುವಾಗ ಅದನ್ನೇ ಬಕೆಟ್ಟಿನಲ್ಲಿ ತೋರಿಸಿ, "ಬನ್ನಿ, ಈಗ ತಾನೇ ಸಿಕ್ಕಿದ್ದು" ಅನ್ನುತ್ತಿದ್ದೆ. ಎಷ್ಟೋ ವಾರ ಬಿಸಿಲು ಕಂಡ ಮೀನು ಅದು. ಹೊಟ್ಟೆನೋವಿನ ಮಾತ್ರೆ ಕನ್ನಡಿಯ ಹಿಂದಿದೆ.

ಸಂಬಳವಿಲ್ಲದ ಕೆಲಸಕ್ಕೆ ಸುಳ್ಳು ಬೇರೆ ಕೇಡು ಅನ್ನಬೇಡಿ. ನೀರಿಗೆ ಅಡ್ಡಲಾಗಿ ತಡೆಗೋಡೆ ಕಟ್ಟಿದ ಮೇಲೆ ಅಲ್ಲಿ ಯಾರ ಗಾಳಕ್ಕೂ ಒಂದು ಮರಿಮೀನೂ ಬಿದ್ದಿಲ್ಲ, ಇನ್ನು ಬೀಳುವುದೂ ಇಲ್ಲ. ಜನ ಬರುವುದು ನಿಂತರೆ ಜೆಟ್ಟಿಗೆ ಬೀಗ ಹಾಕುತ್ತಾರೆ. ಆಮೇಲೆ ನಿಮ್ಮಪ್ಪನನ್ನು ಎಲ್ಲಿ ಕೂರಿಸುತ್ತೀರಿ?

ಖಾಲಿ ಬಕೆಟ್ಟಿಗೆ ಮುಚ್ಚಳ ಹಾಕಿಕೊಂಡು ಹೊರಟಿದ್ದೇನೆ. ಮಾವ ಆಗಲೇ ಟೋಪಿ ಹಾಕಿಕೊಂಡು ಮೆಟ್ಟಿಲ ಮೇಲೆ ಕೂತಿದ್ದಾರೆ.

ಎದ್ದ ತಕ್ಷಣ ಮಾರ್ಕೆಟ್ಟಿಗೆ ಹೋಗಿ ಅಷ್ಟೇ ಉದ್ದದ ಇನ್ನೊಂದು ತನ್ನಿ. ಕ್ಲೀನ್ ಮಾಡಿಸಬೇಡಿ, ಇಡೀ ಮೀನೇ ಬೇಕು. ಯಾರಿಗೂ ಕಾಣದಂತೆ ಚೀಲದಲ್ಲಿಟ್ಟುಕೊಂಡು ಬಂದು ನನ್ನ ಕೈಗೆ ಕೊಡಿ.

ಬಾಲ ನೋಡಿ ತೆಗೆದುಕೊಳ್ಳಿ. ಹೋದ ವಾರ ಮಾವ ಬಕೆಟ್ಟಿನೊಳಗೆ ಬಗ್ಗಿ ನೋಡಿ, "ಬಾಲ ಹರಿದಿದೆಯಲ್ಲಮ್ಮ. ಅದರ ಹಿಂದಿನ ವಾರಾನೂ ಹೀಗೇ ಇತ್ತು" ಅಂದರು. ನಾನು ಬಕೆಟ್ಟಿಗೆ ಮುಚ್ಚಳ ಎಳೆದೆ.

"ಮುಂದಿನ ಸಲ ಬಾಲ ಸರಿ ಇರೋದು ತರಿಸು. ಬಂದವರು ನೋಡ್ತಾರೆ" ಎಂದು ಹೇಳಿ, ಗಾಳಕ್ಕೆ ಹೊಸ ಎರೆಹುಳ ಸಿಕ್ಕಿಸಿ ಮತ್ತೆ ನೀರಿಗೆ ಬಿಟ್ಟರು.